ನಾಯಿಯ ಪಾಲು

ಹಿರೇಬೆಂಡಿಗೇರಿಯ ನಮ್ಮ ಮನೆಗೆ ಹೆಸರು ಬಂದದ್ದು ಹೊಲದಿಂದಲ್ಲ, ಎತ್ತಿನ ಜೋಡಿಯಿಂದಲ್ಲ, ಒಂದು ಹೆಣ್ಣುನಾಯಿಯಿಂದ. ಹೀಗೆ ಹೇಳಿಕೊಳ್ಳಲು ನನಗೆ ಆಗಲೂ ನಾಚಿಕೆ ಇರಲಿಲ್ಲ, ಈ ವಯಸ್ಸಿನಲ್ಲಂತೂ ಇಲ್ಲವೇ ಇಲ್ಲ. ಬೇರೆಯವರು ತಮ್ಮ ಅಜ್ಜನ ಕುದುರೆಯ ಕಥೆ ತೆಗೆದಾಗ ನಾನು ಬಾಯಿ ಮುಚ್ಚಿಕೊಂಡು ಕೇಳುತ್ತೇನೆ. ಅವರದು ಮುಗಿದ ಮೇಲೆ ನಮ್ಮ ನಾಯಿಯ ಕಥೆ ಹೇಳುತ್ತೇನೆ. ಆಮೇಲೆ ಕುದುರೆಯ ಮಾತನ್ನು ಯಾರೂ ಎತ್ತುವುದಿಲ್ಲ.

ಉದ್ದ ಮೂತಿ, ಒಳಕ್ಕೆ ಸೇದಿದ ಹೊಟ್ಟೆ, ಕಡ್ಡಿಯಂಥ ಕಾಲು. ಬೇಟೆನಾಯಿಯ ಜಾತಿ ಅದು. ಮೈಬಣ್ಣ ಒಣ ಶೇಂಗಾ ಸಿಪ್ಪೆಯದು. ಮರಿ ಇದ್ದಾಗ ಅಪ್ಪ ಕಂಬಳಿಯಲ್ಲಿ ಸುತ್ತಿಕೊಂಡು ತಂದಿದ್ದ, ಹೊಲಕ್ಕೆ ಬೀಳುವ ಕಾಡುಹಂದಿಗಳನ್ನು ಓಡಿಸಲೆಂದು. ಅದಕ್ಕೆ ಹೆಸರಿಟ್ಟಿರಲಿಲ್ಲ. ಇಟ್ಟ ಹೆಸರು ಯಾರೋ ಬೀಗರ ಮನೆಯ ಹಿರಿಯಳದ್ದೇ ಆಗಿ ಜಗಳ ಹತ್ತೀತು ಎಂದು ಅವ್ವ ಬೇಡವೆಂದಿದ್ದಳು. "ಬಾ ಬಾ" ಅಂದರೆ ಸಾಕು, ಅಪ್ಪ ಕರೆದರೆ ನಡೆದುಕೊಂಡು ಬರುತ್ತಿತ್ತು, ಅವ್ವ ಕರೆದರೆ ಹಾರಿಕೊಂಡು ಬರುತ್ತಿತ್ತು. ಅನ್ನ ಹಾಕುವ ಕೈ ಯಾವುದೆಂದು ನಾಯಿಗೆ ಯಾರೂ ಕಲಿಸಬೇಕಿಲ್ಲ.

ಬೆಳಿಗ್ಗೆ ಹಂಚಿನ ಮೇಲಿನ ಕೊನೆಯ ರೊಟ್ಟಿ ನಾಯಿಯದು. ಅದನ್ನು ಅವ್ವ ಬೇಕೆಂದೇ ದಪ್ಪಗೆ ಬಡಿಯುತ್ತಿದ್ದಳು. ಮುರಿದು ಮಜ್ಜಿಗೆಯಲ್ಲಿ ನೆನೆಸಿ, ಹಿತ್ತಲಲ್ಲಿದ್ದ ಕಲ್ಲಿನ ಬಾನಿಗೆ ಸುರಿಯುತ್ತಿದ್ದಳು. ಮಧ್ಯಾಹ್ನ ಜೋಳದ ನುಚ್ಚು, ಸಂಜೆ ಅಂಬಲಿ. ನಮ್ಮದು ಲಿಂಗವಂತರ ಮನೆ. ಮಾಂಸಕ್ಕೆ ನಮ್ಮ ಕಡೆ ಅಡಗು ಎನ್ನುತ್ತಾರೆ. ಆ ಶಬ್ದವನ್ನು ಅಡುಗೆಮನೆಯಲ್ಲಿ ಆಡಿದರೆ ಸಾಕು, "ಹೋಗು, ಬಾಯಿ ಮುಕ್ಕಳಿಸಿ ಬಾ" ಎಂದು ಅವ್ವ ಎಬ್ಬಿಸಿ ಕಳಿಸುತ್ತಿದ್ದಳು.

ಆದರೆ ನಾಯಿ ಬೇಟೆಯದು. ಊರ ತಳವಾರ ತನ್ನ ಮಂದಿಯನ್ನು ಕಟ್ಟಿಕೊಂಡು ಮೊಲದ ಬೇಟೆಗೆ ಹೊರಟನೆಂದರೆ ಇದೂ ಬಾಲ ಎತ್ತಿಕೊಂಡು ಹಿಂದೆ ಹೋಗುತ್ತಿತ್ತು. ಹಿಂದೆ ಹೋದದ್ದು ಹೊಲ ದಾಟುವಷ್ಟರಲ್ಲಿ ಎಲ್ಲರ ಮುಂದಿರುತ್ತಿತ್ತು. ಬೇಟೆಗೆ ನಮ್ಮ ಸುತ್ತಿನ ಊರುಗಳಲ್ಲಿ ಒಂದು ಕಟ್ಟಳೆ ಇತ್ತು. ಬಿದ್ದ ಮೊಲವನ್ನು ಹಂಚುವಾಗ ಮೊದಲು ಬಾಯಿ ಹಾಕಿದ ನಾಯಿಗೂ ಒಂದು ಪಾಲು ತೆಗೆಯಬೇಕು, ಆ ಪಾಲನ್ನು ನಾಯಿಯ ಧಣಿಯ ಮನೆಗೆ ಮುಟ್ಟಿಸಬೇಕು. ಧಣಿ ಯಾರೇ ಇರಲಿ, ಏನೇ ಉಣ್ಣಲಿ, ಕಟ್ಟಳೆ ಕಟ್ಟಳೆಯೇ. ತಳವಾರ ಮುತ್ತಲ ಎಲೆಯಲ್ಲಿ ಪಾಲು ಕಟ್ಟಿಕೊಂಡು ನಮ್ಮ ಹಿತ್ತಲ ಬೇಲಿಯ ಹತ್ತಿರ ನಿಂತು ಕೂಗುತ್ತಿದ್ದ.

"ಗೌಡ್ರ, ನಾಯಿ ಪಾಲು ತಂದೇನ್ರಿ."

ಅಪ್ಪ ಕಟ್ಟೆಯ ಮೇಲಿಂದಲೇ, ಓಣಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದ.

"ನಮ್ಮ ನಾಯಿ ಅಡಗು ಮುಟ್ಟೂದಿಲ್ಲೋ ಮಾರಾಯಾ. ನೀನ ಒಯ್ಯಿ."

ತಳವಾರ ನಕ್ಕು ಒಯ್ಯುತ್ತಿದ್ದ. ಈ ಮಾತು ಮೊದಲು ಓಣಿ ದಾಟಿತು, ಆಮೇಲೆ ಊರು ದಾಟಿತು. ಶಿಗ್ಗಾಂವಿಯ ಸಂತೆಯಲ್ಲಿ ಅಪ್ಪನನ್ನು ತಡೆದು ನಿಲ್ಲಿಸಿ ಕೇಳುವವರು ಹುಟ್ಟಿಕೊಂಡರು. ಸವಣೂರಿನ ಎಲೆತೋಟದವರು ಎಲೆಕಟ್ಟು ಕೊಡುವಾಗ, "ನಾಯಿನೂ ಆಚಾರ ಬಿಡದ ಮನಿಯವರು" ಎಂದು ಮೇಲೆ ನಾಲ್ಕೆಲೆ ಹೆಚ್ಚಿಗೆ ಇಡುತ್ತಿದ್ದರಂತೆ. ಇದನ್ನು ಹೇಳಿದವನೂ ಅಪ್ಪನೇ, ಆದ್ದರಿಂದ ಎರಡೆಲೆ ಎಂದು ಇಟ್ಟುಕೊಳ್ಳೋಣ. ನಾಯಿ ಮಧ್ಯಾಹ್ನವೆಲ್ಲ ಹೊಲದಲ್ಲಿ ಏನು ಮಾಡುತ್ತಿತ್ತು, ಬಾಯಿ ಸವರಿಕೊಳ್ಳುತ್ತ ಯಾಕೆ ಬರುತ್ತಿತ್ತು ಎಂದು ಯಾರೂ ಕೇಳಲಿಲ್ಲ. ಹೊಲದಲ್ಲಿ ಇಲಿಗಳಿಗೆ ಬರವಿರಲಿಲ್ಲ. ಅವ್ವನಿಗೆ ಅದು ತಿಳಿದಿತ್ತು ಎಂದು ನನ್ನ ನಂಬಿಕೆ. ಅಪ್ಪ ಬಡಾಯಿ ಹೊಡೆಯುವಾಗಲೆಲ್ಲ ಅವಳು ಒಳಗೆ ಪಾತ್ರೆಗಳನ್ನು ಜೋರಾಗಿ ಇಡುತ್ತಿದ್ದಳು.

ಮಹಾಯುದ್ಧದ ಕಾಲಕ್ಕೆ ನಾಯಿ ಎರಡನೆಯ ಸಲ ಮರಿ ಹಾಕಿತು. ಆಗ ಎಲ್ಲಕ್ಕೂ ಕಂಟ್ರೋಲು. ಬೆಳೆದ ಜೋಳದಲ್ಲಿ ಸರಕಾರಕ್ಕೆ ಅಳೆದು ಕೊಟ್ಟು ಉಳಿದದ್ದು ನಮಗೆ. ಅದೇ ಹೊತ್ತಿಗೆ ಎಮ್ಮೆಯೂ ಬತ್ತಿ ಕುಳಿತಿತ್ತು, ಮಜ್ಜಿಗೆ ಕಾಣುವುದೇ ಅಪರೂಪವಾಗಿತ್ತು. ಮರಿಗಳು ತಾಯಿಯನ್ನು ಹೀರಿ ಹಿಪ್ಪೆ ಮಾಡಿ, ಒಂದೊಂದು ಮನೆಗೆ ಒಂದೊಂದು ಹೋದವು. ತಾಯಿ ಮಾತ್ರ ಎದ್ದೇಳಲಿಲ್ಲ. ಕೂದಲು ಉದುರಿ ಮೈ ಅಲ್ಲಲ್ಲಿ ಬೋಳಾಯಿತು. ಹಿಂಗಾಲು ನಡುಗುತ್ತಿತ್ತು. ಬಾನಿಯಲ್ಲಿ ರೊಟ್ಟಿ ಹಾಕಿದರೆ ಮೂಸಿ, ನಮ್ಮ ಮನಸ್ಸು ನೋಯಬಾರದೆಂಬಂತೆ ಒಂದು ತುತ್ತು ತಿಂದು, ಹೋಗಿ ಗೋಡೆಗೆ ಒರಗಿ ಮಲಗುತ್ತಿತ್ತು.

ನನಗೆ ಆಗ ಮದುವೆಯ ಮಾತು ಬರತೊಡಗಿದ್ದ ವಯಸ್ಸು. ಆ ನಾಯಿ ನನ್ನ ಮಡಿಲಲ್ಲಿ ಬೆಳೆದದ್ದು. ಅದು ಸತ್ತೀತೆಂಬ ಹೆದರಿಕೆಗೆ ನನಗೆ ಊಟ ಸೇರದಾಗಿತ್ತು. ಅವ್ವ ನವಣೆಯ ಗಂಜಿ ಮಾಡಿದಳು, ಬೆಲ್ಲದ ನೀರು ಕುಡಿಸಿದಳು, ಬೀಗರು ಬಂದರೆ ಬೇಕೆಂದು ಎತ್ತಿಟ್ಟ ತುಪ್ಪವನ್ನೂ ರೊಟ್ಟಿಗೆ ಸವರಿದಳು. ಯಾವುದೂ ಹತ್ತಲಿಲ್ಲ. ತಳವಾರ ಒಂದು ದಿನ ಬೇಲಿಯ ಆಚೆ ನಿಂತು ನೋಡಿ, "ಗೌಡ್ರ, ಹಡದ ನಾಯಿ ಐತ್ರಿ. ಅದರ ಪಾಲು ಅದಕ್ಕ ಹಾಕ್ರಿ. ಹಸೀದು ಬಾಯಿಗೆ ಬಿದ್ರ ಎದ್ದೀತು" ಎಂದ.

"ನಾಲ್ಕು ಊರಾಗ ಹೇಳಿಕೊಂಡು ಬಂದೇನಿ. ಈಗ ಹಾಕಿದ್ರ ಮಂದಿ ಏನಂದಾರು?" ಎಂದ ಅಪ್ಪ. ಮಂದಿ ಏನಂದಾರು ಎಂಬ ರೋಗಕ್ಕೆ ಮದ್ದು ಇನ್ನೂ ಹುಟ್ಟಿಲ್ಲ.

ನಾಯಿಯ ರೋಗಕ್ಕೆ ಮದ್ದು ಹುಬ್ಬಳ್ಳಿಯಿಂದ ಬಂತು. ನಮ್ಮ ಕಾಕಾ ಅಲ್ಲಿ ಒಬ್ಬ ವಕೀಲರ ಹತ್ತಿರ ಕಾರಕೂನನಾಗಿದ್ದ. ಊರಿಗೆ ಬಂದಾಗಲೆಲ್ಲ ಏನಾದರೂ ಹೊಸದನ್ನು ಹೊತ್ತು ತಂದು ಅಪ್ಪನ ಕಣ್ಣರಳಿಸುವುದು ಅವನ ಚಾಳಿ. ಆ ಸಲ ತಂದದ್ದು ತಗಡಿನ ದೊಡ್ಡ ಡಬ್ಬಿ. ರೈಲ್ವೆಯ ಯಾವನೋ ದೊರೆ ತನ್ನ ದೇಶಕ್ಕೆ ಹೊರಟಾಗ ಸಾಮಾನು ಮಾರಿದನಂತೆ. ಡಬ್ಬಿಯ ಮೇಲೆ ಒಂದು ನಾಯಿಯ ಚಿತ್ರ. ಆ ನಾಯಿಯ ಮೈಮೇಲಿನ ಹೊಳಪು ನಮ್ಮಲ್ಲಿ ಯಾರ ಮೈಮೇಲೂ ಇರಲಿಲ್ಲ.

"ಅಣ್ಣಾ, ಇದು ವಿಲಾಯಿತಿ ನಾಯಿ ಬಿಸ್ಕೀಟು" ಎಂದ ಕಾಕಾ. "ಸಾಹೇಬರ ನಾಯಿ ಇದನ್ನ ತಿಂದು ಕುದುರಿ ಹಂಗ ಇರ್ತಾವ. ಬರೇ ಗೋದಿಹಿಟ್ಟು. ನಮ್ಮ ಆಚಾರಕ್ಕ ಏನೂ ಬಾಧಕ ಇಲ್ಲ."

ನಮಗೇ ಗೋದಿ ಕಾಣದ ಕಾಲ. ಅಪ್ಪ ಡಬ್ಬಿಯ ಮುಚ್ಚಳ ತೆಗೆದು, ಇಟ್ಟಿಗೆಯಂಥ ಒಂದು ಬಿಸ್ಕೀಟು ಹಿಡಿದು ತಿರುಗಿಸಿ ನೋಡಿದ. ತನ್ನ ನಾಯಿಗೆ ಏನು ಹಾಕುತ್ತೇನೆಂಬುದು ಧಣಿಗೆ ಗೊತ್ತಿರಬೇಕಲ್ಲ? ಮೂಲೆ ಮುರಿದು ಬಾಯಿಗೆ ಹಾಕಿಕೊಂಡ. ಬಹಳ ಹೊತ್ತು ಅಗಿದ. "ಉಪ್ಪು ಕಡಿಮಿ ಐತಿ. ರುಚಿ ಅಡ್ಡಿಯಿಲ್ಲ" ಎಂದು ತೀರ್ಪು ಕೊಟ್ಟ. ಡಬ್ಬಿ ಅಡುಗೆಮನೆಯ ಅಟ್ಟದ ಮೇಲೆ, ಹಪ್ಪಳದ ಬುಟ್ಟಿಯ ಪಕ್ಕದಲ್ಲಿ, ಮರ್ಯಾದೆಯಿಂದ ಕುಳಿತಿತು.

ನಾಯಿ ಅದನ್ನು ಕಡಿಯಲಾರದೆ ಹೋಯಿತು. ಆದರೆ ಬಿಡಲೂ ಇಲ್ಲ, ನೆಕ್ಕಿ ನೆಕ್ಕಿ ಸವೆಸಿತು. ಅದರ ಆಸೆ ನೋಡಿ ಅವ್ವ ಬಚ್ಚಲ ಒಲೆಯ ಬಿಸಿನೀರಿನಲ್ಲಿ ನೆನೆಸಿ ಹಾಕತೊಡಗಿದಳು. ಬಾನಿ ಕ್ಷಣದಲ್ಲಿ ಬರಿದಾಗುತ್ತಿತ್ತು. ಕೆಲವೇ ದಿನಗಳಲ್ಲಿ ನಾಯಿ ಎದ್ದು ಬೇಲಿಯವರೆಗೆ ನಡೆಯಿತು. ನಾನು ಕುಣಿದಾಡಿದೆ. ಅಪ್ಪ ಕಟ್ಟೆಯ ಮೇಲೆ ಕುಳಿತು, "ಅಡಗು ಇಲ್ಲದ ನಾಯಿ ಬದುಕೂದಿಲ್ಲ ಅಂತಿದ್ರಲ್ಲ, ಬಂದು ನೋಡ್ರಿ" ಎಂದು ಹೋಗಿ ಬರುವವರನ್ನೆಲ್ಲ ಕರೆದ.

ಬಂದವು ಬೆಕ್ಕುಗಳು. ಅವ್ವ ಬಿಸ್ಕೀಟು ನೆನೆಸಿದಳೆಂದರೆ ಓಣಿಯ ಬೆಕ್ಕುಗಳೆಲ್ಲ ನಮ್ಮ ಹಿತ್ತಲ ಗೋಡೆಯ ಮೇಲೆ ಸಾಲಾಗಿ ಕುಳಿತು ಬಚ್ಚಲ ಕಡೆಗೇ ನೋಡುತ್ತಿದ್ದವು. ಗೋದಿಹಿಟ್ಟಿಗೆ ಬೆಕ್ಕು ಬಂದದ್ದನ್ನು ಯಾರು ಕಂಡಿದ್ದಾರೆ? ಅವ್ವ ಒಂದು ದಿನ ಆವಿಯೇಳುವ ಬೋಗುಣಿಯ ಮೇಲೆ ಬಗ್ಗಿ ಮೂಸಿದಳು. ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಆದರೆ ನಾಯಿಗೆ ಹಾಕುವುದನ್ನು ಹಾಕಿದಳು. ಕಾಕಾ ಮತ್ತೆ ಬರುವವರೆಗೆ ಬಾಯಿ ಬಿಡಲಿಲ್ಲ.

ಅವನು ಬಂದು ಕೈಕಾಲು ತೊಳೆದು ಕುಳಿತ ಕೂಡಲೇ, ಅಪ್ಪನ ಎದುರಿಗೇ ಕೇಳಿದಳು.

"ಆ ಡಬ್ಬ್ಯಾಗ ಏನೈತಿ? ಖರೇ ಹೇಳು."

"ಗೋದಿ, ವೈನಿ."

"ಮತ್ತ?"

ಕಾಕಾ ತಂಬಿಗೆಯ ನೀರನ್ನೆಲ್ಲ ಕುಡಿದ. "ಮತ್ತ... ಸ್ವಲ್ಪ ಅಡಗಂತ ವೈನಿ. ಒಣಗಿಸಿದ್ದು. ಪುಡಿ ಮಾಡಿದ್ದು. ಕಾಣೂದ ಇಲ್ಲ. ಖರೇ ಹೇಳಿದ್ರ ನೀವು ಮನ್ಯಾಗ ಇಟಗೋತಿದ್ದಿಲ್ಲ, ನಾಯಿ ಸಾಯ್ತಿತ್ತು."

ಅಪ್ಪನಿಗೆ ತಾನು ಮುರಿದು ತಿಂದ ಮೂಲೆ ನೆನಪಾಗಿರಬೇಕು. ಎದ್ದವನೇ ಬಾವಿಗೆ ಹೋಗಿ ಕೊಡದ ಮೇಲೆ ಕೊಡ ತಣ್ಣೀರು ಸುರಿದುಕೊಂಡ. ಮುಂಜಾನೆ ಆಗಿದ್ದ ಪೂಜೆಯನ್ನು ಮತ್ತೊಮ್ಮೆ ಮಾಡಿದ. ನಾನು ನಗು ತಡೆಯಲಾರದೆ ಕಣದ ಕಡೆ ಓಡಿದೆ. ತಿರುಗಿ ಬಂದಾಗ ಹಣೆಗೆ ಹೊಸ ವಿಭೂತಿ ಹಚ್ಚಿಕೊಂಡು ಅಪ್ಪ ಪಡಸಾಲೆಯಲ್ಲಿ ಕುಳಿತಿದ್ದ, ಅವ್ವ ಎದುರಿಗೆ ನಿಂತಿದ್ದಳು.

"ಹ್ವಾದದ್ದು ಹ್ವಾತು" ಎಂದ ಅಪ್ಪ. "ನಾಯಿಗೆ ಗುಣ ಬಂದೈತಿ. ಡಬ್ಬ್ಯಾಗ ಏನೈತಿ ಅಂತ ಯಾರಿಗೆ ಗೊತ್ತಾಗತೈತಿ? ಅದ ನಡೀಲಿ."

ಅವ್ವ ಅಂದದ್ದು ನನಗೆ ಇವತ್ತಿಗೂ ಅಕ್ಷರಕ್ಕಕ್ಷರ ನೆನಪಿದೆ. "ಡಬ್ಬ್ಯಾಗ ಬಂದ್ರ ಬಿಸ್ಕೀಟು, ಎಲ್ಯಾಗ ಬಂದ್ರ ಅಡಗು? ಇದ್ಯಾವ ಆಚಾರರೀ? ತಿನ್ಲಿ, ಬದುಕ್ಲಿ, ನಾನ ಹಾಕ್ತೇನಿ. ಆದ್ರ ಇನ್ನ ಮ್ಯಾಲೆ ಕಟ್ಟಿ ಮ್ಯಾಲೆ ಕುಂತು ನಮ್ಮ ನಾಯಿ ಅಡಗು ಮುಟ್ಟೂದಿಲ್ಲಂತ ಒದರಬ್ಯಾಡ್ರಿ."

ಡಬ್ಬಿ ಅಟ್ಟದಿಂದ ಇಳಿದು ಹಿತ್ತಲ ಗೂಡಿಗೆ ಹೋಯಿತು. ಅಪ್ಪ ತಲೆಯಾಡಿಸಿದ. ಆದರೆ ನಾಲಿಗೆಗೆ ಬಿದ್ದ ರೂಢಿ ಬಿಡಬೇಕಲ್ಲ. ಮುಂದಿನ ಸಂತೆಯಲ್ಲೇ ಯಾರೋ ಕೇಳಿದರು, ಅಪ್ಪ ಅದೇ ಹಳೆಯ ಪುರಾಣ ಬಿಚ್ಚಿದ. ಆ ಪುರಾಣ ಈ ಸಲ ಹಾನಗಲ್ಲ ದಾಟಿ ಹಿರೇಕೆರೂರಿಗೆ ಮುಟ್ಟಿ, ಅಲ್ಲಿಂದ ನನಗೊಂದು ಸಂಬಂಧವನ್ನು ಕರೆದುಕೊಂಡು ಬಂತು.

ದೊಡ್ಡ ಮನೆತನ, ಬೇಕಾದಷ್ಟು ಹೊಲ. "ನಾಯಿನ ಇಷ್ಟು ಆಚಾರದಾಗ ಐತಿ ಅಂದ್ರ, ಆ ಮನಿ ಹೆಣ್ಣು ಹೆಂಗಿದ್ದೀತು!" ಎಂದರಂತೆ ವರನ ತಂದೆ. ನನಗೆ ಮೈಯೆಲ್ಲ ಉರಿದುಹೋಯಿತು. ಆನೆ ಅಂಬಾರಿಯ ಕಸೂತಿಯನ್ನು ಗಂಟಿಲ್ಲದೆ ಹಾಕುತ್ತಿದ್ದವಳು ನಾನು. ಅದನ್ನು ಕೇಳಿದವರಿಲ್ಲ. ನಾಯಿಯ ಊಟ ಕೇಳಿ ಹೆಣ್ಣು ನೋಡಲು ಬರುತ್ತಾರೆಂದರೆ ಏನು ಹೇಳಬೇಕು? ಅಪ್ಪನಿಗೆ ಮಾತ್ರ ನೆಲ ಕಾಣುತ್ತಿರಲಿಲ್ಲ.

ಅಷ್ಟರಲ್ಲಿ ಡಬ್ಬಿ ಖಾಲಿಯಾಗಿತ್ತು. ಕಾಕಾ ಹುಬ್ಬಳ್ಳಿಯೆಲ್ಲ ಹುಡುಕಿದರೂ ಇನ್ನೊಂದು ಸಿಗಲಿಲ್ಲ. ನಾಯಿ ಮತ್ತೆ ಬಡವಾಗತೊಡಗಿತು, ಹಿಂಗಾಲು ಮತ್ತೆ ನಡುಗತೊಡಗಿತು. ತಳವಾರನ ಕಡೆಯಿಂದ ತರಿಸೋಣ ಎಂದು ಅವ್ವ ಎರಡು ಮೂರು ಸಲ ಅಂದಳು. "ಈ ಮಾತುಕತಿ ಒಂದು ಮುಗೀಲಿ. ಆಮ್ಯಾಲ ನೋಡೂಣಂತ" ಎಂದ ಅಪ್ಪ. ನನ್ನ ಮದುವೆ ಮುಗಿಯುವವರೆಗೆ ನಾಯಿ ಕಾಯಬೇಕಿತ್ತು. ಅದು ಕಾಯುವ ಹಾಗೆ ಕಾಣುತ್ತಿರಲಿಲ್ಲ.

ಯುಗಾದಿ ಆದ ಮೇಲೆ ಅವರು ಬಂದರು. ವರನ ತಂದೆ, ತಾಯಿ, ಜೊತೆಗೊಬ್ಬ ಸೋದರಮಾವ. ಅದೇ ದಿನ ಮುಂಜಾನೆ ತಳವಾರನ ಮಂದಿ ಬೇಟೆಗೆ ಹೋಗಿದ್ದರು. ನಾವು ಪಡಸಾಲೆ ಸಾರಿಸುವ ಗದ್ದಲದಲ್ಲಿದ್ದಾಗ ನಾಯಿ ಆ ನಡುಗುವ ಕಾಲಿನಲ್ಲೇ ಎದ್ದು ಅವರ ಹಿಂದೆ ಹೋಗಿದೆ. ಯಾರೂ ಕಳಿಸಿರಲಿಲ್ಲ.

ಜಮಖಾನೆಯ ಮೇಲೆ ಬೀಗರು ಕುಳಿತರು. ಸವಣೂರಿನ ಖಾರ, ಅವಲಕ್ಕಿ ಆಯಿತು. ನನ್ನನ್ನು ಕರೆದರು. ನಡೆಸಿ ನೋಡಿದರು, ಕಣ್ಣು ಚುರುಕಿದೆಯೋ ಇಲ್ಲವೋ ಎಂದು ಸೂಜಿಗೆ ದಾರ ಪೋಣಿಸಲು ಹೇಳಿದರು. ಪೋಣಿಸಿದೆ. ಅದೇ ಸೂಜಿಯಿಂದ ಇನ್ನೇನಾದರೂ ಮಾಡುವ ಮನಸ್ಸಾಗಿತ್ತು, ತಡೆದುಕೊಂಡೆ. ಆಮೇಲೆ ವರನ ತಾಯಿ ಕೇಳಿದಳು.

"ಎಲ್ಲೈತ್ರೀ ನಿಮ್ಮ ನಾಯಿ? ನಮ್ಮ ಕಡೆ ಎಲ್ಲಾರೂ ಅದರದ ಸುದ್ದಿ."

ಅಪ್ಪ ಬಾಯಿ ತೆರೆಯುವಷ್ಟರಲ್ಲಿ ಹಿತ್ತಲಿಂದ ಕೂಗು ಕೇಳಿತು. "ಗೌಡ್ರ, ನಾಯಿ ಪಾಲು ತಂದೇನ್ರಿ!"

ನಮ್ಮ ಮನೆಯಲ್ಲಿ ಬಾಗಿಲ ನೇರಕ್ಕೆ ಬಾಗಿಲು. ಪಡಸಾಲೆಯಲ್ಲಿ ಕುಳಿತರೆ ಹಿತ್ತಲು ಕಾಣುತ್ತದೆ. ಬೇಲಿಯ ಹತ್ತಿರ ಮುತ್ತಲ ಎಲೆಯ ಪೊಟ್ಟಣ ಹಿಡಿದು ತಳವಾರ ನಿಂತಿದ್ದ. ಅವನ ಪಕ್ಕದಲ್ಲಿ ನಮ್ಮ ನಾಯಿ, ಮೈಯೆಲ್ಲ ಧೂಳು, ಮೂತಿಗೆ ರಕ್ತ. ಎದ್ದು ನಿಲ್ಲಲಾರದ ನಾಯಿ ಆ ದಿನವೂ ಎಲ್ಲರಿಗಿಂತ ಮೊದಲು ಬಾಯಿ ಹಾಕಿತ್ತು. ಈಗಲೂ ಬರೆಯುವಾಗ ನನ್ನ ಎದೆ ಉಬ್ಬುತ್ತದೆ.

ಅಪ್ಪ ಬೀಗರ ಕಿವಿಗೆ ಬೀಳುವ ಹಾಗೆ ಕೂಗಿದ. "ನಮ್ಮ ನಾಯಿ ಮುಟ್ಟೂದಿಲ್ಲಂತ ಗೊತ್ತಿಲ್ಲೇನೋ? ಒಯ್ಯಿ!"

ವರನ ತಂದೆ ಹೆಂಡತಿಯ ಕಡೆ ತಿರುಗಿ, "ಕೇಳಿದ್ಯಾ?" ಎಂಬಂತೆ ಹುಬ್ಬು ಹಾರಿಸಿದ. ತಳವಾರ ಎಂದಿನಂತೆ ತಿರುಗಿದ. ನಾಯಿ ಆ ಎಲೆಯ ಹಿಂದೆ ಹೋಗಲು ನೋಡಿತು. ಹಿಂಗಾಲು ಕುಸಿದು ಬಾನಿಯ ಪಕ್ಕದಲ್ಲೇ ಕುಳಿತುಬಿಟ್ಟಿತು. ಕತ್ತು ತಿರುಗಿಸಿ ಒಳಗೆ ಅವ್ವನನ್ನು ನೋಡಿತು.

ಅವ್ವನ ಕೈಯಲ್ಲಿ ಎಲೆ ಅಡಿಕೆಯ ತಟ್ಟೆ ಇತ್ತು. ಅದನ್ನು ಕೆಳಗಿಟ್ಟಳು. ಬೀಗರ ನಡುವೆಯೇ ಹಾದು ಹಿತ್ತಲಿಗೆ ಹೋದಳು.

"ನಿಂದ್ರಪಾ" ಎಂದಳು ತಳವಾರನಿಗೆ. "ಅದರ ಪಾಲು ಅದಕ್ಕ ಹಾಕು. ಬಾನ್ಯಾಗ ಹಾಕು."

ಅವಳು ದಿನವೂ ತನ್ನ ಕೈಯಿಂದ ರೊಟ್ಟಿ ಮಜ್ಜಿಗೆ ಸುರಿಯುತ್ತಿದ್ದ ಬಾನಿ ಅದು. ತಳವಾರ ಒಮ್ಮೆ ಅವಳನ್ನು ನೋಡಿದ, ಒಮ್ಮೆ ಒಳಗೆ ಅಪ್ಪನನ್ನು ನೋಡಿದ. ಎಲೆ ಬಿಚ್ಚಿ ಹಾಕಿದ. ನಾಯಿ ತಿಂದು ಮುಗಿಸುವವರೆಗೂ ಅವ್ವ ಅಲ್ಲೇ ನಿಂತಿದ್ದಳು, ಮುಖ ತಿರುಗಿಸದೆ, ಮೂಗು ಮುಚ್ಚದೆ. ಎಲುಬು ಕಡಿಯುವ ಸಪ್ಪಳ ಪಡಸಾಲೆಗೆ ಕೇಳುತ್ತಿತ್ತು.

ಆಮೇಲೆ ಬಚ್ಚಲಲ್ಲಿ ಕೈಕಾಲು ತೊಳೆದು, ಸೆರಗು ಸರಿಮಾಡಿಕೊಂಡು ಬಂದು, ವರನ ತಾಯಿಯ ಎದುರು ಕುಳಿತಳು.

"ನಮ್ಮ ನಾಯಿ ಅಡಗು ತಿಂತೈತ್ರಿ" ಎಂದಳು. "ನಾವು ತಿನ್ನೂದಿಲ್ಲ. ಅದು ಓಡಿ ದುಡದ ಪಾಲನ್ನ ಇಷ್ಟ ದಿವಸ ನಮ್ಮ ಹೆಸರಿನ ಸಲುವಾಗಿ ಕಸಗೊಂಡಿದ್ವಿ. ಇವತ್ತು ಕೊಟ್ವಿ."

"ಹಂಗಾದ್ರ ನಾವು ಕೇಳಿದ್ದು ಸುಳ್ಳೇನ್ರೀ?"

"ಸುಳ್ಳರೀ."

ಅಪ್ಪನನ್ನು ನೋಡುವ ಧೈರ್ಯ ನನಗಾಗಲಿಲ್ಲ. ಬೀಗರು ಊಟಕ್ಕೆ ನಿಲ್ಲಲಿಲ್ಲ. ಮಾಡಿಟ್ಟ ಹೋಳಿಗೆ ಬುಟ್ಟಿಯಲ್ಲೇ ಉಳಿಯಿತು. ಸೋದರಮಾವನೊಬ್ಬ ಮಾತ್ರ ಏಳುವಾಗ ತಟ್ಟೆಯಲ್ಲಿದ್ದ ಸವಣೂರಿನ ಎಲೆಗಳನ್ನು ಮಡಿಸಿ ಚಂಚಿಗೆ ಹಾಕಿಕೊಂಡ. ಆಚಾರ ಕೆಟ್ಟ ಮನೆಯದಾದರೂ ಎಲೆ ಎಲೆಯೇ ಅಲ್ಲವೇ? ಅವರ ಗಾಡಿಯ ಗೆಜ್ಜೆ ಸಪ್ಪಳ ಅಡಗಿತು. ಅಪ್ಪ ಕಟ್ಟೆಯ ಮೇಲೆ ರುಮಾಲು ಬಿಚ್ಚಿಟ್ಟುಕೊಂಡು ಕುಳಿತುಬಿಟ್ಟ. ಇಡೀ ಸೀಮೆಯಲ್ಲಿ ಹರಡಿದ ಅವನ ಮಾತನ್ನು ಅವನ ಮನೆಯಲ್ಲೇ, ಅವನ ಹೆಂಡತಿಯೇ ಸುಳ್ಳೆಂದಿದ್ದಳು.

ಬಹಳ ಹೊತ್ತಿನ ಮೇಲೆ ಎದ್ದು ಒಳಗೆ ಬಂದ. ಅವ್ವನ ಮೇಲೆ ಹರಿಹಾಯುತ್ತಾನೆ ಎಂದುಕೊಂಡೆ. ಅವನು ಅವಳನ್ನು ದಾಟಿ ಹಿತ್ತಲಿಗೆ ಹೋದ. ಒಂದು ಕೊಡ ನೀರು ತಂದ. ಎಂದೂ ಮುಟ್ಟದಿದ್ದ ಆ ಬಾನಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ತೆಂಗಿನ ನಾರಿನಿಂದ ಒಳಗೆಲ್ಲ ತಿಕ್ಕಿ ತೊಳೆದ. ತುಂಬ ಹೊಸ ನೀರು ಹಾಕಿದ. ನಾಯಿ ಬಂದು ಲೊಚಲೊಚನೆ ಕುಡಿಯಿತು. ಅಪ್ಪ ಅದರ ಬೋಳು ಬೆನ್ನಿನ ಮೇಲೆ ಒದ್ದೆ ಕೈಯಿಟ್ಟು, "ಬಡವಾಗೇತಿ" ಎಂದ, ಅಂದೇ ಮೊದಲ ಸಲ ನೋಡಿದವನ ಹಾಗೆ.

ಅಂದಿನಿಂದ ಬೆಳಿಗ್ಗೆ ರೊಟ್ಟಿ, ಬೇಟೆ ಬಿದ್ದ ದಿನ ಪಾಲು. ಮಳೆಗಾಲ ಬರುವ ಹೊತ್ತಿಗೆ ನಾಯಿಗೆ ಶೇಂಗಾ ಬಣ್ಣದ ಹೊಸ ಕೂದಲು ಬಂತು. ಅಪ್ಪ ಎಷ್ಟು ಬದಲಾದ? ಬಡಾಯಿ ಬಿಟ್ಟನೆಂದು ತಿಳಿಯಬೇಡಿ. ತಳವಾರ ಪಾಲು ತಂದರೆ ಈಗ ಕಟ್ಟೆಯ ಮೇಲೆ ಎದ್ದು ನಿಂತು ಕೂಗುತ್ತಿದ್ದ: "ನಮ್ಮ ನಾಯಿ ಪಾಲು ಎಷ್ಟೈತೋ? ಮೊದಲ ಬಾಯಿ ಹಾಕೇತಿ ಅದು, ಕಡಿಮಿ ಮಾಡೀಯಾ ಮತ್ತ!" ಓಣಿಗೆಲ್ಲ ಕೇಳುತ್ತಿತ್ತು. ಒಳಗೆ ಅವ್ವ ಪಾತ್ರೆಗಳನ್ನು ಮೆಲ್ಲಗೆ ಇಡುತ್ತಿದ್ದಳು.

ಮುಂದೆ ಆಡೂರಿನಿಂದ ನನ್ನನ್ನು ನೋಡಲು ಬಂದರು. ಬಂದವರು ಜಮಖಾನೆಯ ಮೇಲೆ ಸರಿಯಾಗಿ ಕುಳಿತುಕೊಳ್ಳುವ ಮೊದಲೇ ಅವ್ವ ಹೇಳಿದಳು. "ಮೊದಲ ಹೇಳಿಬಿಡ್ತೇನ್ರಿ, ನಮ್ಮ ನಾಯಿ ಅಡಗು ತಿಂತೈತಿ. ಬ್ಯಾರೇ ಏನರ ಕೇಳಿ ಬಂದಿದ್ರ ಅದು ಖರೇ ಅಲ್ಲ."

ನಾನು ಕೋಣೆಯ ಬಾಗಿಲ ಹಿಂದೆ ಕಿವಿಗೊಟ್ಟು ನಿಂತಿದ್ದೆ. ಬಂದಿದ್ದ ಹಿರಿಯ ಹೆಣ್ಣುಮಗಳು ಜೋರಾಗಿ ನಕ್ಕಳು.

"ನಾಯಿ ಮತ್ತೇನು ಹುಲ್ಲು ತಿಂತೈತೇನ್ರೀ? ಹುಡುಗೀನ್ನ ಕರೀರಿ."

ಅವರು ನನ್ನನ್ನು ಒಪ್ಪಿದ್ದು ಊಟವಾದ ಮೇಲೆ. ನಾನು ಆ ಮಾತಿಗೇ ಅವರನ್ನು ಒಪ್ಪಿಬಿಟ್ಟಿದ್ದೆ.